ಪಾರ್ಕಿಂಗ್ ಜಾಗದಲ್ಲಿ ಮನೆ ಕಟ್ಟೋಕೆ ವರ್ಷಗಟ್ಟಲೆ ಯಾಕೆ? ಕ್ಯಾಲಿಫೋರ್ನಿಯಾ ತನ್ನ ಪರಿಸರ ಕಾನೂನನ್ನು ಸಡಿಲಿಸಿದ್ದರ ಹಿಂದಿನ ಕಥೆ

ಸ್ಯಾನ್ ಫ್ರಾನ್ಸಿಸ್ಕೋದ ಸ್ಟೀವನ್ಸನ್ ಸ್ಟ್ರೀಟ್‌ನಲ್ಲಿ 469 ನಂಬರಿನ ಒಂದು ಜಾಗ ಇದೆ. ಅದು ಕಾರು ನಿಲ್ಲಿಸುವ ಜಾಗ, ನೆಲ ಪೂರ್ತಿ ಡಾಂಬರು. ಸುತ್ತಲೂ ಕಟ್ಟಡಗಳು, ನಡೆದು ಹೋಗುವಷ್ಟು ಹತ್ತಿರದಲ್ಲೇ ರೈಲು ನಿಲ್ದಾಣ. ಅಲ್ಲಿ 27 ಮಹಡಿಯ ಕಟ್ಟಡ ಎಬ್ಬಿಸಿ 495 ಮನೆ ಮಾಡುತ್ತೇವೆ ಅಂತ ಒಬ್ಬ ಬಿಲ್ಡರ್ ಮುಂದೆ ಬಂದರು. ಪರಿಸರ ವರದಿ ತಯಾರಾಯಿತು, ನಗರದ ಯೋಜನಾ ಆಯೋಗ ಒಪ್ಪಿಗೆಯನ್ನೂ ಕೊಟ್ಟಿತು. ಅದರ ಮೇಲೆ ಮೇಲ್ಮನವಿ ಬಂತು. 2021ರ ಅಕ್ಟೋಬರ್‌ನಲ್ಲಿ ನಗರದ ಆಡಳಿತ ಮಂಡಳಿ 8-3 ಮತಗಳಿಂದ ಆ ವರದಿಯನ್ನೇ ತಳ್ಳಿಹಾಕಿತು. ಪರಿಸರದ ಮೇಲಾಗುವ ಪರಿಣಾಮವನ್ನು ಸಾಕಷ್ಟು ನೋಡಿಲ್ಲ, ಮತ್ತೆ ಮಾಡಿ ಅಂದರು.

ಡಾಂಬರು ಹಾಕಿದ ಜಾಗದಲ್ಲಿ ಹಾಳಾಗೋಕೆ ಯಾವ ಪರಿಸರ ಇದೆ ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ? ಆದರೆ ಆ ಮಂಡಳಿ ಕಾನೂನು ಕೊಟ್ಟ ದಾರಿಯಲ್ಲೇ ನಡೆದಿತ್ತು, ಬಿಲ್ಡರ್ ಕೈ ಕಟ್ಟಿಹಾಕೋಕೆ ಆ ದಾರಿಯೊಂದೇ ಸಾಕಾಗಿತ್ತು. ಆ ಕಾನೂನಿನ ಹೆಸರು ಕ್ಯಾಲಿಫೋರ್ನಿಯಾ ಎನ್‌ವಿರಾನ್‌ಮೆಂಟಲ್ ಕ್ವಾಲಿಟಿ ಆ್ಯಕ್ಟ್. ಎಲ್ಲರೂ ಅದನ್ನು ಸೀಕ್ವಾ ಅಂತ ಕರೆಯುತ್ತಾರೆ. 2025ರ ಜೂನ್ 30ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಎರಡು ಮಸೂದೆಗಳಿಗೆ ಸಹಿ ಹಾಕಿ, ಊರೊಳಗೆ ಕಟ್ಟುವ ಬಹುಪಾಲು ವಸತಿ ಕಟ್ಟಡಗಳನ್ನು ಸೀಕ್ವಾದಿಂದ ಹೊರಗಿಟ್ಟರು. ಅರ್ಧ ಶತಮಾನದಲ್ಲಿ ಈ ಕಾನೂನಿಗೆ ಆದ ತುಂಬಾ ದೊಡ್ಡ ಬದಲಾವಣೆಗಳಲ್ಲಿ ಇದೊಂದು. ಯಾಕೆ ಬೇಕಾಯಿತು, ಏನು ಬದಲಾಯಿತು, ಯಾವುದು ಹಾಗೇ ಉಳಿಯಿತು ಅಂತ ಒಂದೊಂದಾಗಿ ನೋಡೋಣ.

ಒಳ್ಳೆಯ ಉದ್ದೇಶದಿಂದಲೇ ಶುರುವಾಗಿದ್ದು

ಸೀಕ್ವಾ ಬಂದಿದ್ದು 1970ರಲ್ಲಿ. ಸಹಿ ಹಾಕಿದ್ದು ಆಗ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. ಹೊಗೆ ತುಂಬಿದ ಲಾಸ್ ಏಂಜಲಿಸ್, 1969ರಲ್ಲಿ ಸಾಂತಾ ಬಾರ್ಬರಾ ಕಡಲಿಗೆ ಸುರಿದ ಕಚ್ಚಾ ಎಣ್ಣೆ, ಇದನ್ನೆಲ್ಲ ಕಣ್ಣಾರೆ ಕಂಡ ಜನರ ಕಾಲ ಅದು. ಕಾನೂನು ಹೇಳುವುದು ಸರಳ. ಸರಕಾರ ಒಂದು ಕೆಲಸ ಕೈಗೆತ್ತಿಕೊಳ್ಳುವ ಮೊದಲು ಅದರಿಂದ ಪರಿಸರಕ್ಕೆ ಏನಾಗುತ್ತದೆ ಅಂತ ನೋಡಬೇಕು, ಅದನ್ನು ಜನರ ಮುಂದಿಡಬೇಕು, ಹಾನಿ ತಗ್ಗಿಸಲು ಆಗುವುದಿದ್ದರೆ ತಗ್ಗಿಸಬೇಕು.

ಶುರುವಿನಲ್ಲಿ ಇದು ಸರಕಾರಿ ಕಾಮಗಾರಿಗಳಿಗಷ್ಟೇ ಅಂತ ಹೆಚ್ಚಿನವರು ಅಂದುಕೊಂಡಿದ್ದರು. ರಸ್ತೆ, ಅಣೆಕಟ್ಟು, ಅಂಥವಕ್ಕೆ. 1972ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಫ್ರೆಂಡ್ಸ್ ಆಫ್ ಮ್ಯಾಮತ್ ಮೊಕದ್ದಮೆಯಲ್ಲಿ ಬೇರೆಯೇ ತೀರ್ಪು ಕೊಟ್ಟಿತು. ಮ್ಯಾಮತ್ ಅನ್ನುವುದು ಸಿಯೆರಾ ನೆವಾಡ ಬೆಟ್ಟಸಾಲಿನ ಊರು, ಅಲ್ಲಿ ಖಾಸಗಿಯವರು ಅಪಾರ್ಟ್‌ಮೆಂಟು, ಅಂಗಡಿ ಕಟ್ಟಲು ಹೊರಟಿದ್ದರು. ಖಾಸಗಿ ಕಟ್ಟಡವಾದರೂ ಅದಕ್ಕೆ ಸರಕಾರದ ಪರವಾನಗಿ ಬೇಕಲ್ಲ, ಪರವಾನಗಿ ಕೊಡುವುದೂ ಸರಕಾರದ ಕೆಲಸವೇ, ಹಾಗಾಗಿ ಇಲ್ಲೂ ಸೀಕ್ವಾ ಅನ್ವಯಿಸುತ್ತದೆ ಅಂದಿತು ಕೋರ್ಟು. ಅಲ್ಲಿಂದ ಮುಂದೆ ಬೆಟ್ಟದ ಮೇಲಿನ ರೆಸಾರ್ಟಿಗೂ ನಗರದ ನಡುವಿನ ಫ್ಲಾಟಿಗೂ ಒಂದೇ ಕಾನೂನು. ನನಗೆ ಇಡೀ ಕಥೆಯ ತಿರುವು ಇಲ್ಲೇ ಕಾಣುತ್ತದೆ. ಏನು ಕಟ್ಟುತ್ತೀರಿ ಅಂತ ಕಾನೂನು ವಿವರವಾಗಿ ಕೇಳಿತು, ಎಲ್ಲಿ ಕಟ್ಟುತ್ತೀರಿ ಅನ್ನುವುದಕ್ಕೆ ಕೊಡಬೇಕಾದಷ್ಟು ತೂಕ ಕೊಡಲಿಲ್ಲ.

ಈ ಕಾನೂನಿನಿಂದ ಆದ ಒಳ್ಳೆಯದನ್ನೂ ಹೇಳಲೇಬೇಕು. ರಿಚ್‌ಮಂಡ್‌ನಲ್ಲಿ ಶೆವ್ರಾನ್ ಕಂಪನಿಯ ತೈಲ ಶುದ್ಧೀಕರಣ ಘಟಕ ಇದೆ. ಅದನ್ನು ವಿಸ್ತರಿಸಲು ಹೊರಟಾಗ ಅಕ್ಕಪಕ್ಕದ ಜನ, ಪರಿಸರ ಸಂಘಟನೆಗಳು ಸೀಕ್ವಾ ಹಿಡಿದು ಕೋರ್ಟಿಗೆ ಹೋದರು. ಇನ್ನು ಮುಂದೆ ಇಲ್ಲಿ ಹೆಚ್ಚು ಭಾರದ, ಹೆಚ್ಚು ಮಾಲಿನ್ಯದ ಕಚ್ಚಾ ಎಣ್ಣೆ ಸಂಸ್ಕರಿಸುತ್ತೀರಾ ಅನ್ನುವ ನೇರ ಪ್ರಶ್ನೆಗೆ ಪರಿಸರ ವರದಿಯಲ್ಲಿ ನೇರ ಉತ್ತರ ಇರಲಿಲ್ಲ. 2010ರಲ್ಲಿ ಮೇಲ್ಮನವಿ ಕೋರ್ಟು ಆ ವರದಿ ಸಾಲದು ಅಂದಿತು. ಮೊರೆನೊ ವ್ಯಾಲಿಯಲ್ಲಿ ಸುಮಾರು 4 ಕೋಟಿ ಚದರ ಅಡಿಯ ಗೋದಾಮು ಯೋಜನೆ ಬಂದಾಗಲೂ ಹಾಗೇ. ಲಾರಿ ಹೊಗೆ ಕುಡಿಯಬೇಕಾಗಿದ್ದ ಜನರ ಪರವಾಗಿ ಈ ಕಾನೂನಿನಡಿ ಹೋರಾಡಿದ್ದರಿಂದಲೇ 2021ರಲ್ಲಿ ರಾಜಿಯಾಗಿ, ವಿದ್ಯುತ್ ವಾಹನಗಳಿಗೆ ಹಣ ಇಡುವುದೂ ಸೇರಿದಂತೆ ಕೆಲವು ಷರತ್ತುಗಳಿಗೆ ಕಂಪನಿ ಒಪ್ಪಿಕೊಂಡಿತು. ಬಡ ಬಡಾವಣೆಗಳ ಜನಕ್ಕೆ ಇಂಥ ಕಡೆ ಸೀಕ್ವಾ ಬಿಟ್ಟು ಬೇರೆ ಹಿಡಿತ ಹೆಚ್ಚೇನೂ ಇರುವುದಿಲ್ಲ.

ಪರಿಶೀಲನೆ ನಡೆಯುವ ಬಗೆ

ನಗರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ಅರ್ಜಿ ಬಂತು ಅಂದುಕೊಳ್ಳಿ. ಅಧಿಕಾರಿಗಳು ಮೊದಲು ನೋಡುವುದು ಇದರಲ್ಲಿ ತಮ್ಮ ವಿವೇಚನೆಗೆ ಜಾಗ ಇದೆಯಾ ಅಂತ. ನಿಯಮ ಪುಸ್ತಕದಲ್ಲಿದ್ದ ಹಾಗೆ ಎಲ್ಲ ಸರಿ ಇದ್ದರೆ ಮುದ್ರೆ ಒತ್ತಲೇಬೇಕು ಅನ್ನುವಂಥ ಅರ್ಜಿಗೆ ಸೀಕ್ವಾ ಬರುವುದಿಲ್ಲ. ಕೊಡಬಹುದು, ಕೊಡದೆಯೂ ಇರಬಹುದು ಅನ್ನುವ ಪರವಾನಗಿಗಳಿಗೆ ಮಾತ್ರ ಬರುತ್ತದೆ. ಕ್ಯಾಲಿಫೋರ್ನಿಯಾದ ಬಹಳಷ್ಟು ನಗರಗಳು ದೊಡ್ಡ ವಸತಿ ಕಟ್ಟಡಗಳನ್ನೆಲ್ಲ ಈ ಎರಡನೇ ಗುಂಪಿನಲ್ಲೇ ಇಟ್ಟುಕೊಂಡಿದ್ದವು.

ಆಮೇಲೆ ಪ್ರಾಥಮಿಕ ಅಧ್ಯಯನ. ಗಾಳಿ, ನೀರು, ಸದ್ದು, ಸಂಚಾರ, ಪುರಾತನ ಕಟ್ಟಡ, ಪ್ರಾಣಿ ಪಕ್ಷಿ ಹೀಗೆ ಒಂದೊಂದು ವಿಷಯಕ್ಕೂ ಪರಿಣಾಮ ಇದೆಯಾ ಇಲ್ವಾ ಅಂತ ಬರೆಯಬೇಕು. ದೊಡ್ಡ ಪರಿಣಾಮ ಇಲ್ಲ ಅಂತಾದರೆ ಒಂದು ಘೋಷಣೆ ಸಾಕು. ಇರಬಹುದು ಅಂತಾದರೆ ಪೂರ್ಣ ಪರಿಸರ ಪರಿಣಾಮ ವರದಿ, ಅಂದರೆ ಇಐಆರ್, ಮಾಡಿಸಬೇಕು. ಅದು ನೂರಾರು ಪುಟದ್ದು. ಸಲಹಾ ಕಂಪನಿ ಬೇಕು, ಕರಡು ಹೊರಡಿಸಬೇಕು, ಜನ ಬರೆದ ಪತ್ರಗಳಿಗೆಲ್ಲ ಲಿಖಿತ ಉತ್ತರ ಕೊಡಬೇಕು. ವರ್ಷ, ಒಂದೂವರೆ ವರ್ಷ ಸುಲಭವಾಗಿ ಹೋಗುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಘೋಷಣೆ ಸಾಕು ಅಂತ ನಗರ ನಿರ್ಧರಿಸಿದಾಗ ಯಾರಾದರೂ ಕೋರ್ಟಿಗೆ ಹೋದರೆ, ಆ ನಿರ್ಧಾರ ತಪ್ಪು ಅಂತ ಅವರು ಸಾಬೀತು ಮಾಡಬೇಕಾಗಿಲ್ಲ. ದೊಡ್ಡ ಪರಿಣಾಮ ಆಗಬಹುದು ಅನ್ನುವುದಕ್ಕೆ ದಾಖಲೆಯಲ್ಲಿ ಒಂದಿಷ್ಟು ಗಟ್ಟಿ ಆಧಾರ ತೋರಿಸಿದರೆ ಸಾಕು. ಅದಕ್ಕೆ ವಿರುದ್ಧವಾಗಿ ನಗರದ ಬಳಿ ಎಷ್ಟೇ ಆಧಾರ ಇದ್ದರೂ ಇಐಆರ್ ಮಾಡಿಸಲೇಬೇಕು. ಇದು 1974ರ ಒಂದು ತೀರ್ಪಿನಿಂದ ಬಂದ ಅಳತೆ, ವಕೀಲರು ಇದನ್ನು ಫೇರ್ ಆರ್ಗ್ಯುಮೆಂಟ್ ಅನ್ನುತ್ತಾರೆ. ಹಾಗಾಗಿ ಬಿಲ್ಡರ್‌ಗಳು ಎಷ್ಟೋ ಸಲ ಬೇಕಾಗಿಲ್ಲದ ಕಡೆಯೂ ಪೂರ್ಣ ವರದಿಯನ್ನೇ ಮಾಡಿಸಿಬಿಡುತ್ತಿದ್ದರು, ನಾಳೆ ಕೋರ್ಟಿನಲ್ಲಿ ನಿಲ್ಲಬೇಕಲ್ಲ ಅಂತ.

ಸೀಕ್ವಾವನ್ನು ಜಾರಿ ಮಾಡಲು ಪ್ರತ್ಯೇಕ ಇಲಾಖೆ ಅಂತ ಇಲ್ಲ. ಜಾರಿ ಆಗುವುದು ದಾವೆಗಳ ಮೂಲಕ. ದಾವೆ ಹೂಡಲು ನೀವು ಪರಿಸರ ಸಂಘಟನೆಯೇ ಆಗಿರಬೇಕಿಲ್ಲ. ನೆರೆಮನೆಯವರು ಹೂಡಬಹುದು, ಕಾರ್ಮಿಕ ಸಂಘ ಹೂಡಬಹುದು, ಪೈಪೋಟಿಯ ವ್ಯಾಪಾರಿಯೂ ಹೂಡಬಹುದು. ಗೆದ್ದರೆ ವಕೀಲರ ಫೀಸನ್ನು ಎದುರು ಪಕ್ಷ ಕೊಡಬೇಕಾಗಿ ಬರಬಹುದು, ಸೋತರೆ ಸಾಮಾನ್ಯವಾಗಿ ಎದುರು ಪಕ್ಷದ ವಕೀಲರ ಫೀಸನ್ನು ನೀವು ಕೊಡಬೇಕಿಲ್ಲ. ಒಟ್ಟು ಯೋಜನೆಗಳಿಗೆ ಹೋಲಿಸಿದರೆ ದಾವೆಗಳ ಸಂಖ್ಯೆ ಸಣ್ಣದು ಅಂತ ಕಾನೂನಿನ ಪರ ಇರುವವರು ಹೇಳುತ್ತಾರೆ. ಆ ಮಾತು ನಿಜವೇ. ಆದರೆ ದಾವೆ ಬೀಳಬಹುದು ಅನ್ನುವ ಹೆದರಿಕೆಯಿಂದ ಸಣ್ಣದಾಗಿ ಹೋದ ಕಟ್ಟಡ, ಅರ್ಜಿಯೇ ಹಾಕದೆ ಕೈಬಿಟ್ಟ ಯೋಜನೆ, ದಾವೆ ಹಾಕುವುದಿಲ್ಲ ಅಂತ ಬರೆಸಿಕೊಳ್ಳಲು ಕೊಟ್ಟ ದುಡ್ಡು, ಇವು ಯಾವುದೂ ಆ ಲೆಕ್ಕಕ್ಕೆ ಸಿಗುವುದಿಲ್ಲ. ಸಾಲ ತಂದು ಜಾಗ ಹಿಡಿದವರಿಗೆ ಎರಡು ವರ್ಷದ ಬಡ್ಡಿ ಅಂದರೆ ಸುಮ್ನೆ ಅಲ್ಲ.

ಅಳತೆ ತಪ್ಪಾದರೆ ಏನಾಗುತ್ತೆ ಅನ್ನುವುದಕ್ಕೆ ಸಂಚಾರದ ಉದಾಹರಣೆ ನೋಡಿ. ತುಂಬಾ ವರ್ಷ ಸೀಕ್ವಾದಲ್ಲಿ ಸಂಚಾರದ ಪರಿಣಾಮ ಅಂದರೆ ಸಿಗ್ನಲ್‌ನಲ್ಲಿ ಕಾರು ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದಾಗಿತ್ತು. ಶಾಲೆಯ ಪರೀಕ್ಷೆಯ ಹಾಗೆ ಪ್ರತಿ ಜಂಕ್ಷನ್‌ಗೂ ಎ ಇಂದ ಎಫ್ ತನಕ ಗ್ರೇಡು. ಊರ ನಡುವೆ, ಮೊದಲೇ ವಾಹನ ತುಂಬಿದ ಕಡೆ, ಹೊಸ ಕಟ್ಟಡ ಬಂದರೆ ಗ್ರೇಡು ಬೀಳುತ್ತದೆ. ಊರಾಚೆ ಖಾಲಿ ಹೊಲದಲ್ಲಿ ಬಡಾವಣೆ ಮಾಡಿದರೆ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಸಿಗ್ನಲ್ಲೇ ಇಲ್ಲ. ಅಂದರೆ ಬಸ್ಸು ರೈಲಿನ ಪಕ್ಕದ ಮನೆ ಪರಿಸರಕ್ಕೆ ಹಾನಿ, ದಿನಾ 80 ಮೈಲಿ ಕಾರು ಓಡಿಸಬೇಕಾದ ಮನೆ ಹಾನಿಯಲ್ಲ ಅಂತ ಕಾಗದದ ಮೇಲೆ ಬರುತ್ತಿತ್ತು! ಇದೇ ಅಳತೆಯ ದೆಸೆಯಿಂದ 2006ರಿಂದ 2010ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ಸೈಕಲ್ ಪಥದ ಯೋಜನೆಯೇ ಕೋರ್ಟಿನ ತಡೆಯಾಜ್ಞೆಯಲ್ಲಿ ನಿಂತಿತ್ತು. ಸೈಕಲ್‌ಗೆ ಜಾಗ ಬಿಟ್ಟರೆ ಕಾರುಗಳು ನಿಧಾನವಾಗಬಹುದು, ಅದನ್ನು ಪರಿಶೀಲಿಸಿಲ್ಲ ಅಂತ.

2013ರ ಎಸ್‌ಬಿ 743 ಕಾನೂನು (ಎಸ್‌ಬಿ ಅಂದರೆ ಸೆನೆಟ್ ಮಸೂದೆ) ಈ ಅಳತೆಯನ್ನು ಬದಲಾಯಿಸಿತು. ಕಾರು ಎಷ್ಟು ಹೊತ್ತು ಕಾಯುತ್ತದೆ ಅನ್ನುವುದರ ಬದಲು ಒಟ್ಟು ಎಷ್ಟು ಮೈಲಿ ಓಡುತ್ತದೆ ಅಂತ ನೋಡುವುದು 2020ರ ಜುಲೈಯಿಂದ ಇಡೀ ರಾಜ್ಯಕ್ಕೆ ಬಂತು. ಕ್ಯಾಲಿಫೋರ್ನಿಯಾದ ಹಸಿರುಮನೆ ಅನಿಲಗಳಲ್ಲಿ ಶೇ 40ರ ಹತ್ತಿರ ವಾಹನ ಸಂಚಾರದಿಂದಲೇ ಬರುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡರೆ ಈ ಬದಲಾವಣೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಮನೆ ಸಿಗದೆ ದೂರದ ಟ್ರೇಸಿ, ಸ್ಟಾಕ್‌ಟನ್ ಕಡೆಗೆ ಹೋಗಿ ನೆಲೆಸಿದವರು ಬೆಳಕು ಹರಿಯುವ ಮೊದಲೇ ಕಾರು ಹತ್ತಿ ಆಲ್ಟಮಾಂಟ್ ಕಣಿವೆ ದಾಟಿ ಕೆಲಸಕ್ಕೆ ಬರುತ್ತಾರೆ. ಆ ಹೊಗೆ ಯಾವ ಕಟ್ಟಡದ ವರದಿಯಲ್ಲೂ ಬರುವುದಿಲ್ಲ. ಕಟ್ಟಿದರೆ ಆಗುವ ಹಾನಿಯನ್ನು ಸೀಕ್ವಾ ಪುಟಗಟ್ಟಲೆ ಬರೆಸುತ್ತದೆ, ಕಟ್ಟದೆ ಬಿಟ್ಟರೆ ಆಗುವ ಹಾನಿಯನ್ನು ಅಷ್ಟು ಗಟ್ಟಿಯಾಗಿ ಕೇಳುವುದಿಲ್ಲ. ನಗರದ ಮನೆಗಳಿಗೆ ವಿನಾಯಿತಿ ಕೊಟ್ಟದ್ದು ಸರಿ ಅಂತ ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದೇ.

ಬರ್ಕ್ಲಿಯ ಸದ್ದು

ಜನರ ತಾಳ್ಮೆ ಕೆಟ್ಟಿದ್ದು ಬರ್ಕ್ಲಿಯಲ್ಲಿ. ಅಲ್ಲಿಯ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿಸಿದ್ದರ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಿಲ್ಲ ಅಂತ ನೆರೆಯವರ ಗುಂಪೊಂದು ದಾವೆ ಹೂಡಿತ್ತು. ಪ್ರವೇಶ ಸಂಖ್ಯೆಯನ್ನು ಹಳೆಯ ಮಟ್ಟದಲ್ಲೇ ಇಡಬೇಕು ಅನ್ನುವ ಆದೇಶವನ್ನು ಸಡಿಲಿಸಲು 2022ರ ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಾವಿರಾರು ಮಕ್ಕಳ ಸೀಟು ತಪ್ಪುವ ಹಾಗಾಯಿತು. ಆಗ ಶಾಸಕರು ಎರಡು ವಾರದೊಳಗೆ ಹೊಸ ಕಾನೂನು ತಂದರು.

ಮರುವರ್ಷ ಇನ್ನೊಂದು. ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ ಪೀಪಲ್ಸ್ ಪಾರ್ಕ್ ಜಾಗದಲ್ಲಿ ಸುಮಾರು 1,100 ವಿದ್ಯಾರ್ಥಿಗಳಿಗೆ ಮನೆ, ಜೊತೆಗೆ ಸೂರಿಲ್ಲದವರಿಗೂ ವಸತಿ ಕಟ್ಟುವ ಯೋಜನೆ ಇತ್ತು. ವಿದ್ಯಾರ್ಥಿಗಳು ರಾತ್ರಿ ಪಾರ್ಟಿ ಮಾಡಿ ಗಲಾಟೆ ಮಾಡಬಹುದು, ಆ ಸದ್ದನ್ನು ಪರಿಸರ ಪರಿಣಾಮ ಅಂತ ಪರಿಶೀಲಿಸಬೇಕಿತ್ತು ಅಂತ 2023ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಇದು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಿ. ಮನೆಯಲ್ಲಿ ಬಾಳುವ ಮನುಷ್ಯರೇ ಮಾಲಿನ್ಯ ಅಂತಾದರೆ ಯಾರು ಬರುತ್ತಾರೆ, ಎಂಥವರು ಬರುತ್ತಾರೆ ಅಂತ ನೋಡಿ ಮನೆ ತಡೆಯಬಹುದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶಾಸಕಿ ಬಫಿ ವಿಕ್ಸ್ ಅವರ ಎಬಿ 1307 ಕಾನೂನು (ಎಬಿ ಅಂದರೆ ಅಸೆಂಬ್ಲಿ ಮಸೂದೆ) ಬಂತು. ವಸತಿ ಯೋಜನೆಯಲ್ಲಿ ವಾಸಿಸುವವರ ಸದ್ದು ಪರಿಸರ ಹಾನಿ ಅಲ್ಲ ಅಂತ ಅದು ಖಚಿತ ಮಾಡಿತು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ವಿಶ್ವವಿದ್ಯಾಲಯದ ಪರ ತೀರ್ಪು ಕೊಟ್ಟಿತು.

ಹೀಗೆ ಒಂದೊಂದು ತೂತಿಗೆ ಒಂದೊಂದು ತೇಪೆ ಹಾಕುತ್ತಾ ಬಂದಿದ್ದರು. ಒಂದು ಸೈಟಿನೊಳಗೆ ಇನ್ನೊಂದು ಪುಟ್ಟ ಮನೆ ಕಟ್ಟುವುದಕ್ಕೆ ವಿನಾಯಿತಿ ಇತ್ತು. ಇಷ್ಟು ಮನೆ ಆಗಬೇಕು ಅನ್ನುವ ಗುರಿ ಮುಟ್ಟದ ನಗರಗಳಲ್ಲಿ ಪರವಾನಗಿ ಸುಲಭ ಮಾಡುವ ಎಸ್‌ಬಿ 35 ಕಾನೂನು 2017ರಲ್ಲಿ ಬಂದಿತ್ತು. ಆದರೂ ರಾಜ್ಯವೇ ಹಾಕಿಕೊಂಡ ಲೆಕ್ಕದಂತೆ ಎಂಟು ವರ್ಷದಲ್ಲಿ 25 ಲಕ್ಷ ಮನೆ ಬೇಕು. 2025ರಲ್ಲಿ ಒಂದು ಮನೆಯ ಮಧ್ಯಮ ಬೆಲೆ 9 ಲಕ್ಷ ಡಾಲರ್ ಆಸುಪಾಸು ಇತ್ತು. 2024ರ ಎಣಿಕೆಯಲ್ಲಿ ಸೂರಿಲ್ಲದವರು 1,80,000ಕ್ಕೂ ಜಾಸ್ತಿ ಇದ್ದರು.

2025ರಲ್ಲಿ ನಿಜವಾಗಿ ಬದಲಾಗಿದ್ದು

ಸಹಿಯಾದ ಎರಡು ಮಸೂದೆಗಳು ಎಬಿ 130 ಮತ್ತು ಎಸ್‌ಬಿ 131. ಮೂಲ ಪ್ರಸ್ತಾವಗಳು ಬಫಿ ವಿಕ್ಸ್ ಮತ್ತು ಸೆನೆಟರ್ ಸ್ಕಾಟ್ ವೀನರ್ ಅವರವು. ಗವರ್ನರ್ ಇದನ್ನು ಬಜೆಟ್ಟಿಗೆ ಗಂಟು ಹಾಕಿದರು. ಇದು ಪಾಸಾಗದಿದ್ದರೆ ಬಜೆಟ್ಟೂ ನಿಲ್ಲುತ್ತದೆ ಅಂತ. ಹಾಗಾಗಿ ವರ್ಷಗಟ್ಟಲೆ ಎಳೆಯುವ ಚರ್ಚೆ ಕೆಲವೇ ದಿನಗಳಲ್ಲಿ ಮುಗಿಯಿತು. ಫಲ ಒಳ್ಳೆಯದಾದರೂ ಈ ದಾರಿ ನನಗೆ ಹಿಡಿಸಲಿಲ್ಲ. ಇಷ್ಟು ದೊಡ್ಡ ವಿಷಯಕ್ಕೆ ಸಾವಕಾಶವಾದ ವಿಚಾರಣೆ ಬೇಕಿತ್ತು.

ಎಬಿ 130 ಇನ್‌ಫಿಲ್ ವಸತಿಗೆ, ಅಂದರೆ ಆಗಲೇ ಕಟ್ಟಡ ತುಂಬಿದ ಊರೊಳಗಿನ ಜಾಗದಲ್ಲಿ ಕಟ್ಟುವ ಮನೆಗಳಿಗೆ, ಪೂರ್ತಿ ವಿನಾಯಿತಿ ಕೊಡುತ್ತದೆ. ಜಾಗ 20 ಎಕರೆ ಮೀರಬಾರದು. ಅಲ್ಲಿ ಹಿಂದೆ ಕಟ್ಟಡ, ಪಾರ್ಕಿಂಗ್ ಅಂಥ ನಗರದ ಬಳಕೆ ಇದ್ದಿರಬೇಕು, ಇಲ್ಲವೇ ಸುತ್ತಳತೆಯ ಮುಕ್ಕಾಲು ಪಾಲು ಅಂಥ ಬಳಕೆಗೆ ತಾಗಿರಬೇಕು ಅಥವಾ ಅದೇ ರೀತಿಯ ಬೇರೆ ಷರತ್ತಿಗೆ ಹೊಂದಬೇಕು. ನಗರದ ಯೋಜನೆ ಮತ್ತು ವಲಯ ನಿಯಮಗಳಿಗೆ, ಅಂದರೆ ಎಲ್ಲಿ ಏನು, ಎಷ್ಟು ಎತ್ತರ ಕಟ್ಟಬಹುದು ಅನ್ನುವ ನಿಯಮಗಳಿಗೆ, ಕಟ್ಟಡ ಒಪ್ಪಬೇಕು. ತೀರಾ ವಿರಳವಾಗಿಯೂ ಇರಬಾರದು, ಮಹಾನಗರ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಎಕರೆಗೆ ಕನಿಷ್ಠ 15 ಮನೆ. ಹೋಟೆಲ್ಲಿಗೆ ಇದು ಅನ್ವಯಿಸುವುದಿಲ್ಲ.

ಮೊದಲೂ ಇನ್‌ಫಿಲ್‌ಗೆ ಒಂದು ವಿನಾಯಿತಿ ಇತ್ತು, 5 ಎಕರೆವರೆಗೆ. ಆದರೆ ಅದನ್ನು ಪಡೆಯಲು ಸಂಚಾರ, ಸದ್ದು, ಗಾಳಿ, ನೀರು ಯಾವುದಕ್ಕೂ ದೊಡ್ಡ ಪರಿಣಾಮ ಇಲ್ಲ ಅಂತ ತೋರಿಸಬೇಕಿತ್ತು. ಪರಿಶೀಲನೆಯಿಂದ ತಪ್ಪಿಸಿಕೊಳ್ಳಲೂ ಒಂದು ಪರಿಶೀಲನೆ, ಅದರ ಮೇಲೂ ದಾವೆ. ಹೊಸದರಲ್ಲಿ ಹಾಗಿಲ್ಲ. ಜಾಗ ಇಂಥದ್ದು, ಕಟ್ಟಡ ಇಂಥದ್ದು ಅಂತಾದರೆ ಮುಗಿಯಿತು. ಹೆಚ್ಚಿನದೆಲ್ಲ ನಕ್ಷೆ ಬಿಡಿಸಿ, ಟೇಪು ಹಿಡಿದು ನೋಡಬಹುದಾದ ವಿಷಯಗಳು.

ಎಲ್ಲಿ ಕಟ್ಟಬಾರದು ಅನ್ನುವುದೂ ಬರೆದಿದೆ. ಜೌಗು ಪ್ರದೇಶ, ಉತ್ತಮ ಕೃಷಿ ಭೂಮಿ, ಅಳಿವಿನಂಚಿನ ಜೀವಿಗಳ ನೆಲೆ, ಕಾಳ್ಗಿಚ್ಚಿನ ಅಪಾಯ ತೀರಾ ಹೆಚ್ಚಿರುವ ವಲಯ, ಭೂಕಂಪ ಬಿರುಕಿನ ವಲಯ, ಇಂಥ ಕಡೆ ಈ ವಿನಾಯಿತಿ ಸಿಗುವುದು ಕಷ್ಟ. ಪಟ್ಟಿಯಲ್ಲಿರುವ ಐತಿಹಾಸಿಕ ಕಟ್ಟಡ ಕೆಡವುವಂತಿಲ್ಲ. ಮೂಲನಿವಾಸಿ ಬುಡಕಟ್ಟುಗಳಿಗೆ ಮೊದಲೇ ತಿಳಿಸಿ, ಅವರು ಬಯಸಿದರೆ ಮಾತುಕತೆ ನಡೆಸಬೇಕು.

ನನಗೆ ಮುಖ್ಯ ಅನ್ನಿಸುವುದು ಮಣ್ಣಿನ ವಿಷಯ. ಊರೊಳಗಿನ ಖಾಲಿ ಜಾಗ ಅಂದರೆ ಎಷ್ಟೋ ಸಲ ಹಿಂದೆ ಪೆಟ್ರೋಲ್ ಬಂಕ್, ಡ್ರೈ ಕ್ಲೀನಿಂಗ್ ಅಂಗಡಿ, ವರ್ಕ್‌ಶಾಪ್ ಇದ್ದ ಜಾಗ. ನೆಲದಡಿ ಟ್ಯಾಂಕು ಸೋರಿರಬಹುದು, ಬಟ್ಟೆ ತೊಳೆಯುವ ರಾಸಾಯನಿಕ ಮಣ್ಣಿಗೆ ಇಳಿದಿರಬಹುದು, ಅದರ ಆವಿ ಮುಂದೆ ಮನೆಯೊಳಗೂ ಬರಬಹುದು. ಅದಕ್ಕೇ ವಿನಾಯಿತಿ ಪಡೆದವರೂ ಮೊದಲ ಹಂತದ ತಪಾಸಣೆ ಮಾಡಿಸಲೇಬೇಕು. ಹಳೆಯ ನಕ್ಷೆ, ಫೋಟೋ, ಲೈಸೆನ್ಸು ತೆಗೆದು ಆ ಜಾಗದಲ್ಲಿ ಏನೇನು ಇತ್ತು ಅಂತ ಪತ್ತೆ ಹಚ್ಚುತ್ತಾರೆ, ಸ್ಥಳಕ್ಕೆ ಹೋಗಿ ನೋಡುತ್ತಾರೆ. ಅನುಮಾನ ಬಂದರೆ ಮಣ್ಣಿನ ಮಾದರಿ ತೆಗೆದು, ವಿಷ ಇದ್ದರೆ ಸ್ವಚ್ಛ ಮಾಡಬೇಕು. ಫ್ರೀವೇಯಿಂದ, ಅಂದರೆ ದೊಡ್ಡ ಹೆದ್ದಾರಿಯಿಂದ, 500 ಅಡಿಯೊಳಗೆ ಕಟ್ಟಿದರೆ ಒಳ್ಳೆಯ ಏರ್ ಫಿಲ್ಟರ್ ಹಾಕಬೇಕು, ಫ್ರೀವೇ ಕಡೆಗೆ ಬಾಲ್ಕನಿ ಇಡುವಂತಿಲ್ಲ. ಇದನ್ನೆಲ್ಲ ನೂರಾರು ಪುಟದ ವರದಿಯಲ್ಲಿ ಹುಡುಕುವುದಕ್ಕಿಂತ ಹೀಗೆ ನೇರವಾಗಿ ನಿಯಮವಾಗಿ ಬರೆದರೆ ಆ ಮನೆಯಲ್ಲಿ ಬೆಳೆಯುವ ಮಗುವಿಗೆ ಜಾಸ್ತಿ ಉಪಯೋಗ.

ಕಾರ್ಮಿಕರ ವಿಷಯದಲ್ಲಿ ಜಗ್ಗಾಟ ಜೋರಾಗಿತ್ತು. ಕೊನೆಗೆ 85 ಅಡಿಗಿಂತ ಎತ್ತರದ ಕಟ್ಟಡಗಳಿಗೂ, ಪೂರ್ತಿ ಕಡಿಮೆ ಆದಾಯದವರಿಗಾಗಿ ಕಟ್ಟುವ ಯೋಜನೆಗಳಿಗೂ ಸರಕಾರ ಗೊತ್ತುಮಾಡಿದ ಕೂಲಿ ಕೊಡಬೇಕು ಅಂತಾಯಿತು.

ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಕಾಣುತ್ತದೆ. ಸೀಕ್ವಾ ಇಲ್ಲ ಅಂದರೆ ಪರಿಸರ ಕಾನೂನೇ ಇಲ್ಲ ಅಂತಲ್ಲ. ನೀರಿನ ಮಾಲಿನ್ಯ, ಗಾಳಿಯ ಮಾಲಿನ್ಯ, ಅಳಿವಿನಂಚಿನ ಜೀವಿಗಳ ರಕ್ಷಣೆ, ಕಟ್ಟಡದ ಇಂಧನ ನಿಯಮ ಎಲ್ಲವೂ ಬೇರೆ ಬೇರೆ ಕಾನೂನುಗಳು, ಅವು ಹಾಗೇ ಇವೆ. ಕಡಲ ತೀರದಲ್ಲಿ ಕಟ್ಟುವವರಿಗೆ ಕೋಸ್ಟಲ್ ಆಕ್ಟ್ ಪ್ರಕಾರ ಪರವಾನಗಿ ಈಗಲೂ ಬೇಕು.

ಎಸ್‌ಬಿ 131 ಬಗ್ಗೆ ನನಗೆ ಅಷ್ಟು ಸಮಾಧಾನ ಇಲ್ಲ. ಅದರಲ್ಲಿ ಒಂದು ಒಳ್ಳೆಯ ಅಂಶ ಇದೆ. ಒಂದು ವಸತಿ ಯೋಜನೆ ಒಂದೇ ಒಂದು ಷರತ್ತಿನಲ್ಲಿ ತಪ್ಪಿ ವಿನಾಯಿತಿ ಕಳೆದುಕೊಂಡರೆ, ಪೂರ್ತಿ ವರದಿ ಬದಲು ಆ ಒಂದು ವಿಷಯದ ಪರಿಶೀಲನೆ ಮಾಡಿದರೆ ಸಾಕು. ಮಕ್ಕಳ ಡೇಕೇರ್, ಆರೋಗ್ಯ ಕೇಂದ್ರ, ಕೃಷಿ ಕಾರ್ಮಿಕರ ವಸತಿಗೂ ವಿನಾಯಿತಿ ಕೊಟ್ಟಿದ್ದಾರೆ, ಸಂತೋಷ. ಆದರೆ ಕೈಗಾರಿಕಾ ವಲಯದಲ್ಲಿ ಬರುವ ಸುಧಾರಿತ ತಯಾರಿಕಾ ಘಟಕಗಳನ್ನೂ ಇದೇ ಪಟ್ಟಿಗೆ ಸೇರಿಸಿದರು. ಪರಿಸರ ಸಂಘಟನೆಗಳು ಇದನ್ನು ಗಟ್ಟಿಯಾಗಿ ವಿರೋಧಿಸಿದವು, ನಾನೂ ಅವರ ಕಡೆಗೇ. ರಿಚ್‌ಮಂಡ್ ಜನಕ್ಕೆ ಸೀಕ್ವಾ ಯಾಕೆ ಬೇಕಾಯಿತೋ ಕಾರ್ಖಾನೆ ಪಕ್ಕದ ಜನಕ್ಕೂ ಅದೇ ಕಾರಣಕ್ಕೆ ಬೇಕು. ಪಾರ್ಕಿಂಗ್ ಜಾಗದ ಫ್ಲಾಟಿಗೂ ರಾಸಾಯನಿಕ ಬಳಸುವ ಕಾರ್ಖಾನೆಗೂ ಒಂದೇ ಬಗೆಯ ರಿಯಾಯಿತಿ ಕೊಟ್ಟರೆ, ಎರಡಕ್ಕೂ ಒಂದೇ ಬಗೆಯ ಅಡ್ಡಿ ಇಟ್ಟಿದ್ದ ಹಳೆಯ ತಪ್ಪೇ ಉಲ್ಟಾ ಆಯಿತು ಅಷ್ಟೇ.

ಇನ್ನು ಇದರಿಂದ ನಾಳೆಯೇ ಬಾಡಿಗೆ ಇಳಿಯುತ್ತದೆ ಅಂತ ನಿರೀಕ್ಷೆ ಬೇಡ. ಬಡ್ಡಿದರ, ಕಟ್ಟುವ ಸಾಮಾನಿನ ಬೆಲೆ, ಕೆಲಸಗಾರರ ಕೊರತೆ, ನಗರಗಳು ಹಾಕುವ ಶುಲ್ಕ ಯಾವುದನ್ನೂ ಈ ಕಾನೂನು ಮುಟ್ಟುವುದಿಲ್ಲ. ವಲಯ ನಿಯಮದಲ್ಲಿ ಎರಡೇ ಮಹಡಿ ಅಂತಿದ್ದರೆ, ಅದನ್ನು ಮೀರಲು ಬೇರೆ ಯಾವುದಾದರೂ ಕಾನೂನಿನ ಆಸರೆ ಇಲ್ಲದಿದ್ದರೆ, ಎರಡೇ ಮಹಡಿ. ದಾವೆಗಳೂ ಪೂರ್ತಿ ನಿಲ್ಲುವುದಿಲ್ಲ. ವಿನಾಯಿತಿ ಕೊಟ್ಟೆವು ಅಂತ ನಗರ ಸೂಚನೆ ಹೊರಡಿಸಿದ ಮೇಲೆ ಪ್ರಶ್ನಿಸಲು 35 ದಿನ ಇರುತ್ತದೆ, ಸೂಚನೆ ಹೊರಡಿಸದಿದ್ದರೆ 180 ದಿನ. ಆದರೆ ಇನ್ನು ಮುಂದೆ ವಾದ ನಡೆಯುವುದು ಜಾಗದ ಸುತ್ತಳತೆ ಮುಕ್ಕಾಲು ಪಾಲು ಹೌದಾ ಅಲ್ವಾ, ಇದು ಜೌಗು ಪ್ರದೇಶವಾ ಅಲ್ವಾ ಅನ್ನುವುದರ ಮೇಲೆ. ನೆರಳು ಎಲ್ಲಿ ಬೀಳುತ್ತೆ, ಬರುವ ಬಾಡಿಗೆದಾರರು ಎಷ್ಟು ಸದ್ದು ಮಾಡುತ್ತಾರೆ ಅನ್ನುವುದನ್ನು ಹಿಡಿದು ಇಂಥ ಮನೆಗಳನ್ನು ವರ್ಷಗಟ್ಟಲೆ ಕೋರ್ಟಿನಲ್ಲಿ ನಿಲ್ಲಿಸುವುದಕ್ಕೆ ಸೀಕ್ವಾದ ದಾರಿ ಇನ್ನು ಇಲ್ಲ.